ಚಟ್ಟಿಯ ಅಂಚಿನ ಹೆಬ್ಬೆಟ್ಟು

ಶಾರದಕ್ಕಾ,

ಕಾಗದ ಬರೆಯುವಾಗ ಮೊದಲು ಕ್ಷೇಮ ಕೇಳಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನಿನಗೆ ಅದನ್ನು ಹೇಗೆ ಬರೆಯಲಿ? ನೀನು ಹೋಗಿ ಎರಡು ವರ್ಷವಾಯಿತು. ಈ ಸಲದ ಕರ್ಕಾಟಕ ಅಮಾವಾಸ್ಯೆಗೆ ಆಲುವದ ಹೊಳೆಬದಿಯಲ್ಲಿ ನಿನ್ನ ಹೆಸರು ಹೇಳಿ ಪಿಂಡ ಇಟ್ಟೆ. ಕಾಗೆ ಕಾಯಿಸಲಿಲ್ಲ, ಕೂಡಲೇ ಬಂತು. ನಿನಗೆ ಹೇಳಲೇಬೇಕಾದ ಒಂದು ಮಾತಿತ್ತು. ಅದು ದೇವರ ಎದುರು ನಿಂತಾಗಲೂ ಬಾಯಿಗೆ ಬರಲಿಲ್ಲ. ಬರೆದರಾದರೂ ಬಂದೀತು ಎಂದು ಕೂತಿದ್ದೇನೆ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಇತ್ತು. ಇತ್ತು ಏನು, ಇದೆ. ಕಾಸರಗೋಡಿನ ಮನೆಯ ಅಂಗಳದಲ್ಲಿ ನಾವಿಬ್ಬರೂ ರಂಗೋಲಿ ಹಾಕುತ್ತಿದ್ದದ್ದು ನೆನಪಿದೆಯಾ? ನನ್ನ ಗೆರೆ ಒಂದು ಚುಕ್ಕಿಯನ್ನೂ ತಪ್ಪುತ್ತಿರಲಿಲ್ಲ. ನಿನ್ನದು ಎಲ್ಲಿಂದ ಎಲ್ಲಿಗೋ ಹೋಗುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಗಿರಿಜೆಯದು ನೇರ ಉಂಟು, ಶಾರದೆಯದಕ್ಕೆ ಒಂದು ಕಳೆ ಉಂಟು ಎನ್ನುತ್ತಿದ್ದಳು. ನೇರ ಇರುವುದಕ್ಕೆ ಕಳೆ ಯಾಕಿರಬಾರದು ಎಂದು ನಾನು ಅವಳನ್ನು ಒಂದು ದಿನವೂ ಕೇಳಲಿಲ್ಲ.

ಆ ನೇರದ ಕಣ್ಣೇ ನನಗೆ ಅನ್ನ ಕೊಟ್ಟಿತು, ಅದನ್ನೂ ಹೇಳಬೇಕು. ಆಲುವದ ಕಾರ್ಖಾನೆಯಲ್ಲಿ ಬೊನ್ಸಾಯ್ ಗಿಡ ನೆಡುವ ಮಣ್ಣಿನ ಚಟ್ಟಿಗಳು ಅಚ್ಚಿನಿಂದ ಬರುತ್ತವೆ, ಎಲ್ಲ ಒಂದೇ ಮುಖದವು. ಸುಟ್ಟು ಆರಿದ ಮೇಲೆ ಅವು ನನ್ನ ಮೇಜಿಗೆ ಬರಬೇಕು. ಗಾಜಿನ ಹಲಗೆಯ ಮೇಲೆ ಇಟ್ಟು ನಾಲ್ಕು ಕಾಲೂ ಕೂರುತ್ತವೆಯೋ ನೋಡುತ್ತೇನೆ. ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತೇನೆ. ಕಣ್ಣಿಗೆ ಕಾಣದ ಬಿರುಕನ್ನು ಸ್ವರ ಹೇಳಿಬಿಡುತ್ತದೆ. ಒಳಗೆ ಒಂದು ಚಮಚ ನೀರು ಬಿಟ್ಟರೆ ಅದು ತೂತಿನ ಕಡೆಗೆ ಹರಿಯಬೇಕು, ಮೂಲೆಯಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಪಾಸಾದದ್ದಕ್ಕೆ ಅಡಿಯಲ್ಲಿ ಕೆಂಪು ಪೆನ್ಸಿಲಿನ ಒಂದು ಗೀಟು. ಉಳಿದದ್ದು ಒಡೆಯುವ ರಾಶಿಗೆ. ಹನ್ನೊಂದು ವರ್ಷದಲ್ಲಿ ನನ್ನ ಗೀಟು ಬಿದ್ದ ಚಟ್ಟಿ ಒಂದೂ ವಾಪಸು ಬಂದಿಲ್ಲ. ಅದನ್ನು ನೋಡಿ ಯಾರೂ ಆಹಾ ಅಂದದ್ದೂ ಇಲ್ಲ.

ತಿರುವನಂತಪುರದ ಉಳ್ಳೂರಿನ ನಿನ್ನ ಮನೆಯ ಟೆರೇಸಿಗೆ ಮೊದಲ ಸಲ ಹತ್ತಿದ ದಿನ ನಾನು ಜಗಳಕ್ಕೇ ನಿಂತೆ. ಅಶ್ವತ್ಥ ಮರವನ್ನು ಗೇಣುದ್ದ ಮಾಡಿ, ಕೈಕಾಲಿಗೆ ತಂತಿ ಸುತ್ತಿ ಚಟ್ಟಿಯಲ್ಲಿ ಕೂರಿಸಿದ್ದೆಯಲ್ಲ. ಪ್ರದಕ್ಷಿಣೆ ಬರುವ ಮರಕ್ಕೆ ಇದೆಂತ ಅವಸ್ಥೆ, ಪಾಪ ತಟ್ಟುತ್ತದೆ ಎಂದೆ. ನೀನು ಮಣ್ಣಿನ ಕೈಯಲ್ಲೇ ನಗುತ್ತಾ, "ದೇವರೇ ವಾಮನ ಆಗಲಿಲ್ವಾ ಮಾರಾಯ್ತಿ?" ಎಂದೆ. ಪಕ್ಕದಲ್ಲಿ ನಿನ್ನ ಹತ್ತಿರ ಚಟ್ಟಿ ಮಾಡಲು ಕಲಿಯುತ್ತಿದ್ದ ಟೀಚರು ಕೂತಿದ್ದರು, ಶಾಲೆಯಿಂದ ನಿವೃತ್ತರಾದ ಮಲಯಾಳಿ ಹೆಂಗಸು, ನಿನ್ನನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವವರು. ಅವರಿಗೆ ಅರ್ಥ ಹೇಳಿದಾಗ, ಓಣಂ ಹತ್ತಿರ ಬರುವಾಗ ಈ ಊರಿನಲ್ಲಿ ಮಹಾಬಲಿಯನ್ನು ತುಳಿದವನ ಹೆಸರು ಎತ್ತಬೇಡಿ ಚೇಚಿ, ಪೆಟ್ಟು ತಿನ್ನುತ್ತೀರಿ ಎಂದರು. ಮೂವರೂ ನಕ್ಕೆವು. ನಾನು ಸ್ವಲ್ಪ ಕಡಿಮೆ ನಕ್ಕೆ.

ಅದೇ ದಿನವಲ್ಲವೇ ನೀನು ನನಗೆ ಆ ಚಟ್ಟಿ ಕೊಟ್ಟದ್ದು? ಸುಟ್ಟ ಬೆಲ್ಲದ ಬಣ್ಣದ್ದು. ಹಸಿಯಿರುವಾಗ ಎತ್ತಿದ್ದಿರಬೇಕು, ಅಂಚಿನಲ್ಲಿ ನಿನ್ನ ಹೆಬ್ಬೆಟ್ಟು ಇಳಿದು ಕುಳಿಯಾಗಿತ್ತು. ನೆಲಕ್ಕಿಟ್ಟರೆ ಒಂದು ಕಾಲು ಕುಂಟು. ನಮ್ಮಲ್ಲಾದರೆ ಇದು ಒಡೆಯುವ ರಾಶಿಗೆ ಎಂದೆ. "ಒಡಿ ಹಾಗಾದ್ರೆ. ನಿಂಗೆ ಕೊಟ್ಟದ್ದಲ್ವಾ" ಎಂದೆ ನೀನು. ಆಗ ಟೀಚರು ಆ ಕುಳಿಯಲ್ಲಿ ತಮ್ಮ ಬೆರಳಿಟ್ಟು, ಚೇಚಿಯ ಕೈ ಹಿಡಿದ ಹಾಗೆ ಆಗುತ್ತದೆ ಎಂದರು. ನಾನೂ ಇಟ್ಟು ನೋಡಿದೆ. ನಿನ್ನ ಬೆರಳು ಅಗಲ, ನನ್ನದು ಅದರೊಳಗೆ ಸಡಿಲವಾಗಿ ಅಲ್ಲಾಡಿತು. ನಾನು ದಿನವೂ ಎತ್ತಿ ಎಸೆಯುವ ದೋಷವೇ ನಿನ್ನ ಕೈಯಲ್ಲಿ ಬಂದರೆ ಚೆಂದವಾ ಅಕ್ಕಾ? ಇದು ಯಾವ ಊರಿನ ನ್ಯಾಯ?

ಈಗ ಹೇಳಬೇಕಾದ ಮಾತು. ಒಂದು ಸೋಮವಾರ ಆ ಚಟ್ಟಿಯನ್ನು ಸೀರೆಯಲ್ಲಿ ಸುತ್ತಿ ಕಾರ್ಖಾನೆಗೆ ಒಯ್ದೆ. ನಮ್ಮ ಮೊದಲಾಳಿಗೆ, ಅಂದರೆ ಯಜಮಾನರಿಗೆ, ಹೊಸ ನಮೂನೆ ಬೇಕಿತ್ತು. ಇದರಿಂದ ಅಚ್ಚು ತೆಗೆಯಿರಿ ಎಂದೆ. ಅವರು ಕುಂಟು ಕಾಲನ್ನು ಅಚ್ಚಿನಲ್ಲೇ ಸಮ ಮಾಡಿಸುತ್ತೇನೆಂದು ಹೇಳಿ, ಕುಳಿಯನ್ನು ತೋರಿಸಿ, ಇದನ್ನೂ ಮೇಣ ತುಂಬಿಸಿ ಸರಿ ಮಾಡೋಣವೇ ಎಂದು ಕೇಳಿದರು. ಬೇಡ, ಹಾಗೇ ಇರಲಿ ಎಂದವಳು ನಾನೇ. ಸಾವಿರ ಚಟ್ಟಿಯ ಮೇಲೆ ಅದೇ ಹೆಬ್ಬೆಟ್ಟು ಬಂದರೆ ಆಮೇಲೆ ಯಾರು ಆಹಾ ಎನ್ನುತ್ತಾರೆ ನೋಡುವಾ ಎಂದು ಒಳಗೆ ಉರಿಯುತ್ತಿತ್ತು. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಆ ಚಟ್ಟಿಗಳು ನನ್ನ ಮೇಜಿನ ಮೇಲೆ ಸಾಲಾಗಿ ಬಂದವು. ತಟ್ಟಿದೆ, ತಿರುಗಿಸಿದೆ, ಗೀಟು ಎಳೆದೆ. ಕುಳಿಯನ್ನು ಮಾತ್ರ ಒಂದು ಸಲವೂ ಮುಟ್ಟಲಿಲ್ಲ.

ಆ ವರ್ಷವೇ ನೀನು ಹಾಸಿಗೆ ಹಿಡಿದೆ. ಆಸ್ಪತ್ರೆಯಲ್ಲಿ ನಿನಗೆ ಎಳನೀರು ಕುಡಿಸುತ್ತಿದ್ದಾಗ, "ಆ ಚಟ್ಟಿಯಲ್ಲಿ ಎಂತ ನೆಟ್ಟೆ?" ಎಂದು ನೀನು ಕೇಳಿದೆ. ತುಳಸಿ ಎಂದೆ ನಾನು. ಸುಳ್ಳು. ಅದು ಅಚ್ಚಿನ ಪ್ಲಾಸ್ಟರಿನ ಬಿಳಿ ಧೂಳಿನ ಸಮೇತ ನನ್ನ ಕಪಾಟಿನ ಮೇಲಿತ್ತು. ನೀನು ಕಣ್ಣುಮುಚ್ಚಿ, ಒಳ್ಳೇದಾಯ್ತು ಎಂದೆ. ಆಗಲಾದರೂ ನಾನು...

ಹೋದ ತಿಂಗಳು ಭಾವ ಫೋನು ಮಾಡಿದರು. ತಿರುವನಂತಪುರದಲ್ಲಿ ಬೊನ್ಸಾಯ್ ಪ್ರದರ್ಶನ, ನಿನ್ನ ಹೆಸರಿನಲ್ಲಿ ಒಂದು ಮೇಜು. ಮನೆಯಲ್ಲಿ ಉಳಿದ ನಿನ್ನ ಚಟ್ಟಿಗಳಲ್ಲಿ ಯಾವುದು ಇಡಬಹುದು, ಯಾವುದು ಬೇಡ ಎಂದು ಹೇಳಲು ನಾನೇ ಬರಬೇಕಂತೆ. ನನ್ನ ಕಣ್ಣು ತಪ್ಪುವುದಿಲ್ಲ ಎಂದರು. ರೈಲಿನಲ್ಲಿ ಹೋಗುವಾಗ ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಕೊನೆಗೂ ನಿನ್ನ ಕೆಲಸ ನನ್ನ ಗಾಜಿನ ಹಲಗೆಗೆ ಬಂತು ಅನ್ನಿಸಿತ್ತು.

ಹನ್ನೆರಡು ಆರಿಸಿ ಜೋಡಿಸಿದ್ದೆ. ಅಷ್ಟರಲ್ಲಿ ಟೀಚರು ಬಟ್ಟೆಯಲ್ಲಿ ಸುತ್ತಿದ ಒಂದು ಚಟ್ಟಿ ತಂದರು. ಚೇಚಿ ಹೋದ ಮೇಲೆ ಅಲ್ಲಿನ ಒಂದು ನರ್ಸರಿಯಲ್ಲಿ ಗೊಬ್ಬರದ ಚೀಲಗಳ ಹಿಂದೆ ಕಂಡಿತಂತೆ. ಹೆಬ್ಬೆಟ್ಟು ನೋಡಿದ್ದೇ ಗುರುತು ಹಿಡಿದು, ನನಗೆ ಕೊಟ್ಟದ್ದರಂಥದ್ದೇ ಇನ್ನೊಂದನ್ನು ನೀನು ಮಾಡಿದ್ದೆ ಎಂದುಕೊಂಡು ಅಲ್ಲೇ ಅತ್ತರಂತೆ. ಅಂದಿನಿಂದ ಅದು ಅವರ ದೇವರ ದೀಪದ ಪಕ್ಕ ಇದೆ. ಇದನ್ನು ನಡುವೆ ಇಡಬೇಕು ಎಂದರು. ನಾನು ಕುಳಿಯಲ್ಲಿ ಬೆರಳಿಟ್ಟೆ. ಅಕ್ಕಾ, ಸರಿಯಾಗಿ ಕೂತಿತು. ಮಣ್ಣು ಬೆಂಕಿಯಲ್ಲಿ ಕುಗ್ಗುತ್ತದೆಂದು ನಿನಗೆ ಗೊತ್ತಲ್ಲ. ಸುಟ್ಟ ಚಟ್ಟಿಯಿಂದ ಅಚ್ಚು ತೆಗೆದು ಮತ್ತೆ ಸುಟ್ಟರೆ ಎರಡನೆಯದು ಒಂದು ಸುತ್ತು ಸಣ್ಣದು. ಮಗುಚಿ ನೋಡಿದೆ. ಅಡಿಯಲ್ಲಿ ಕೆಂಪು ಗೀಟು. ಟೀಚರು ಅದನ್ನು ನೀನಿಟ್ಟ ಕುಂಕುಮ ಎಂದುಕೊಂಡಿದ್ದರು.

ಆ ಹೊತ್ತಿಗೂ ನನಗೆ ಮೊದಲು ಬಂದದ್ದು ಪಶ್ಚಾತ್ತಾಪ ಅಲ್ಲ, ಕಿಚ್ಚು. ನನ್ನ ಕೈ ದಾಟಿ ಹೋದ ಚಟ್ಟಿಗೂ ಜನ ನಿನಗಾಗಿಯೇ ಅಳುತ್ತಾರಲ್ಲ ಎಂದು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾರ್ಖಾನೆಯ ಚಟ್ಟಿ ನಿನ್ನ ಮೇಜಿನ ನಡುವೆ ಕೂತು ಹೊಗಳಿಸಿಕೊಳ್ಳುವುದನ್ನು ನೋಡಿ ನಾನೊಬ್ಬಳೇ ನಗಬಹುದಿತ್ತು. ಆದರೆ ಎದುರಿಗೆ ನಿನ್ನ ಹನ್ನೆರಡು ಚಟ್ಟಿಗಳಿದ್ದವು, ಒಂದೊಂದೂ ಒಂದೊಂದು ಕಡೆಗೆ ವಾಲಿಕೊಂಡು. ಅವುಗಳ ನಡುವೆ ಸುಳ್ಳೊಂದನ್ನು ಇಡಲು ನನ್ನ ಕೈ ಬರಲಿಲ್ಲ.

"ಇದು ಅಕ್ಕ ಮಾಡಿದ್ದಲ್ಲ ಟೀಚರೇ. ಅಚ್ಚಿನದ್ದು. ಅಚ್ಚಿಗೆ ಕೊಟ್ಟದ್ದು ನಾನು."

ಟೀಚರು ಅದನ್ನು ಕೈಗೆ ತೆಗೆದುಕೊಂಡು ಮಗುಚಿ ಗೀಟು ನೋಡಿದರು. ಮತ್ತೆ, ಬೆರಳು ಯಾರದ್ದು ಎಂದು ಕೇಳಿದರು. ಅಕ್ಕನದೇ ಎಂದೆ. ಅವರು ಬಟ್ಟೆಯನ್ನು ಮಡಚುತ್ತಾ ಕೂತರು. ಭಾವ ಕನ್ನಡಕ ತೆಗೆದು ಒರೆಸಿದರು. "ಒಂದು ಮಾತು ಕೇಳಿದ್ರೆ ಅವಳೇ ಅಚ್ಚು ತೆಗೆದು ಕೊಡ್ತಿದ್ದಳು ಗಿರಿಜಾ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಕೊಡುತ್ತಿದ್ದೆ, ನಗುತ್ತಾ ಕೊಡುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಕೇಳದೆ ಇದ್ದದ್ದು ಅದಕ್ಕೇ ಅಲ್ಲವೇ?

ಆ ಸಂಜೆಯೇ ಆಲುವಕ್ಕೆ ಬಂದು, ಮರುದಿನ ಬೆಳಗಿನ ರೈಲಿನಲ್ಲಿ ಕಪಾಟಿನ ಮೇಲಿದ್ದ ನಿನ್ನ ಚಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಮೇಜಿನ ನಡುವೆ ಇಟ್ಟೆ. ಕುಂಟು ಕಾಲಿನ ಅಡಿಗೆ ಕಾಗದ ಮಡಚಿ ತುರುಕಿದೆ, ಮತ್ತೆ ಬೇಡವೆನಿಸಿ ತೆಗೆದೆ. ಬಂದವರೆಲ್ಲ ಬೆರಳಿಟ್ಟು ನೋಡಿದರು. ಪ್ರದರ್ಶನ ಮುಗಿದಾಗ ಅದನ್ನು ಟೀಚರ ಕೈಗೆ ಕೊಟ್ಟು, ಅವರ ಹತ್ತಿರ ಇದ್ದದ್ದನ್ನು ನಾನು ತಂದೆ. ಅವರು ಒಂದು ಸಲ ಬೇಡ ಎಂದರು, ಎರಡನೆಯ ಸಲ ಅನ್ನಲಿಲ್ಲ. ಈಗ ಅವರ ಮೇಲೆ ಹೊಟ್ಟೆಕಿಚ್ಚು ಶುರುವಾಗಿದೆ. ಈ ಗುಣಕ್ಕೆ ಮದ್ದಿಲ್ಲ ಅಕ್ಕಾ, ದೇವರ ಹತ್ತಿರ ದಿನವೂ ಹೇಳುತ್ತಿದ್ದೇನೆ.

ಇನ್ನೊಂದು ಸುದ್ದಿ. ಆ ಅಚ್ಚು ಸವೆದಿದೆ. ಈಚಿನ ಚಟ್ಟಿಗಳಲ್ಲಿ ನಿನ್ನ ಬೆರಳು ನೀರು ಒರೆಸಿದ ಹಾಗೆ ಮಾಸಲು. ಅವನ್ನೆಲ್ಲ ಒಡೆಯುವ ರಾಶಿಗೆ ಹಾಕುತ್ತಿದ್ದೇನೆ. ಹೊಸ ಅಚ್ಚಿಗೆ ಮೂಲದ್ದನ್ನು ತನ್ನಿ ಎಂದು ಮೊದಲಾಳಿ ಎರಡು ಸಲ ಕೇಳಿದರು. ಅದು ನನ್ನದಲ್ಲ ಎಂದೆ. ಇನ್ನು ಎಷ್ಟು ಸಲ ಕೇಳಿದರೂ ಅದನ್ನೇ ಹೇಳುತ್ತೇನೆ, ನಿನ್ನಾಣೆ.

ತಂದ ಚಟ್ಟಿಯಲ್ಲಿ ತುಳಸಿ ನೆಟ್ಟಿದ್ದೇನೆ. ಬೊನ್ಸಾಯ್ ಅಲ್ಲ, ತಂತಿ ಗಿಂತಿ ಇಲ್ಲ, ಅದರಷ್ಟಕ್ಕೆ ಬೆಳೆಯಲಿ. ಬೆಳಗ್ಗೆ ನೀರು ಹಾಕುವಾಗ ಒಂದು ಕೈಯಲ್ಲಿ ಅಂಚು ಹಿಡಿಯಬೇಕಾಗುತ್ತದೆ. ಹಿಡಿಯುವುದು ಆ ಕುಳಿಯಲ್ಲೇ. ಬೆರಳು ಅಲ್ಲಾಡುವುದಿಲ್ಲ.

ನಿನ್ನ
ಗಿರಿಜೆ