ಚುರುಗುಟ್ಟದ ನಾಲಿಗೆ

ಸೋಪಿನ ಕೋಣೆಯಿಂದ,
ಜೂನ್ ೮, ಭಾನುವಾರ

ಪ್ರೀತಿಯ ಅತ್ತೆ (ಹೌದು, ಇಷ್ಟು ಕೋಪದಲ್ಲೂ ಹಾಗೆಯೇ ಬರೆದಿದ್ದೇನೆ),

ನಮಸ್ಕಾರ. ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಕಡಿದಾಗಿದೆ, ಗೋಡೆ ಹಿಡಿದುಕೊಂಡು ಇಳಿಯಿರಿ. ನಿಮ್ಮ ಮಗ ಚೆನ್ನಾಗಿದ್ದಾರೆ. ಮೊಮ್ಮಗಳ ಕೆನ್ನೆಯ ಕೆಂಪು ಇಳಿದಿದೆ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ನಾನು ಮಾಡಿದರೆ ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದದಲ್ಲಿ ಬೈಯುತ್ತೇನೆ. ಪೂರ್ತಿ ಓದಿ.

ನಾನು ಈ ಮನೆಗೆ ಬಂದ ವರ್ಷ ನೀವು ಕಲಿಸಿದ್ದು ನೆನಪಿದೆಯೇ? ಸೋಪಿಗೆ ಮೇಕೆ ಹಾಲನ್ನು ಹಾಗೇ ಸುರಿಯಬಾರದು, ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ, ಅದರ ಮೇಲೆ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಉದುರಿಸಬೇಕು, ಇಲ್ಲದಿದ್ದರೆ ಹಾಲು ಸುಟ್ಟು ನಾರುತ್ತದೆ, ಕರಗಿದ ಮೇಲೆ ಅದನ್ನು ತೂಗಿದ ಎಣ್ಣೆಗೆ ಬೆರೆಸಬೇಕು ಎಂದು. ಆಮೇಲೆ ನಿಮ್ಮ ನಾಲಿಗೆಯ ಪರೀಕ್ಷೆ. ಆರು ವಾರ ಒಣಗಿದ ಸೋಪಿಗೆ ಒದ್ದೆ ಬೆರಳು ಉಜ್ಜಿ, ಆ ಬೆರಳನ್ನು ನಾಲಿಗೆಯ ತುದಿಗೆ ತಾಗಿಸುತ್ತಿದ್ದಿರಿ. ಚುರ್ ಎಂದರೆ ಸೋಡಾ ಉಳಿದಿದೆ. ಏನೂ ಅನ್ನಿಸದಿದ್ದರೆ, "ಆಯ್ತು, ಕಟ್ಟು." ಆ ಮಾತಿಗೆ ನಾನು ಎದುರಾಡಿದ್ದುಂಟೇ? ಹನ್ನೊಂದು ವರ್ಷ ಕಣ್ಣು ಮುಚ್ಚಿಕೊಂಡು ಕಾಗದ ಸುತ್ತಿದ್ದೇನೆ.

ಕಳೆದ ತಿಂಗಳೂ "ಆಯ್ತು, ಕಟ್ಟು" ಎಂದಿರಿ. ಎಂದಿನಂತೆ ಮೊದಲ ಸೋಪಿನಲ್ಲಿ ಮೊಮ್ಮಗಳ ಮುಖ ತೊಳೆದೆವು. ಅವಳು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. ನಾನು ಬಾಯಿಗೆ ಬಂದಂತೆ ಅಂದೆ, ನೀವು ಚೀಲ ತುಂಬಿಕೊಂಡು ಮಗಳ ಮನೆಗೆ ಹೊರಟಿರಿ. ಮರುದಿನ ಸೋಡಾ ಅಂಗಡಿಯವನ ಮೇಲೂ ಹರಿಹಾಯ್ದೆ. ಪಾಪ, ಅವನು ತಲೆ ತಗ್ಗಿಸಿ ಹೊಸ ಡಬ್ಬ ಕೊಟ್ಟ. ಮೊನ್ನೆ ಹೊಸದಾಗಿ ಎಣ್ಣೆ ತೂಗುವಾಗ ಗೊತ್ತಾಯಿತು, ಆ ಸೋಪಿಗೆ ಎಣ್ಣೆ ತೂಗುವಾಗ ಪಾತ್ರೆಯ ತೂಕ ಕಳೆಯಲು ಮರೆತವಳು ನಾನೇ. ಎಣ್ಣೆ ಕಡಿಮೆ ಬಿದ್ದು ಸೋಡಾ ಉಳಿದುಕೊಂಡಿದೆ. ತಪ್ಪು ನನ್ನದು, ಒಪ್ಪಿದೆ. ಆದರೆ ನನ್ನ ತಪ್ಪು ಹಿಡಿಯಲೆಂದೇ ಇದ್ದ ನಾಲಿಗೆ ಏನು ಮಾಡುತ್ತಿತ್ತು?

ನಿನ್ನೆ ನಾದಿನಿ ಫೋನಿನಲ್ಲಿ ನಗುತ್ತಾ ಹೇಳಿದಳು, "ಅತ್ತಿಗೆ, ಅಮ್ಮ ಸಕ್ಕರೆ ಅಂತ ಕಾಫಿಗೆ ಉಪ್ಪು ಹಾಕ್ಕೊಂಡು ಪೂರ್ತಿ ಕುಡಿದ್ಬಿಟ್ರು!" ನನಗೆ ನಗು ಬರಲಿಲ್ಲ. ನಿಮ್ಮ ನಾಲಿಗೆಗೆ ಏನೂ ತಿಳಿಯದಂತಾಗಿದ್ದು ಚಳಿಗಾಲದ ಆ ಜ್ವರ ಬಂದಾಗಿನಿಂದ ಅಲ್ಲವೇ? ಉಪ್ಪು ಸರಿಯಿದೆಯಾ ಎಂದು ಕೇಳಿದಾಗಲೆಲ್ಲ "ನಿನ್ನ ಕೈ ಅಡುಗೆ ಯಾವತ್ತು ಕೆಟ್ಟಿದೆ?" ಎನ್ನುತ್ತಿದ್ದಿರಿ. ನಾನೊಬ್ಬಳು ಪೆದ್ದಿ, ಕೇಳಿ ಉಬ್ಬಿಹೋಗುತ್ತಿದ್ದೆ. ಐದು ತಿಂಗಳು, ಅತ್ತೆ! ಎಷ್ಟು ಸೋಪಿಗೆ ಸುಮ್ಮನೆ ನಾಲಿಗೆ ತಾಗಿಸಿ ನಾಟಕವಾಡಿದಿರಿ? ಗೊತ್ತಾದರೆ ಸೊಸೆ ಕೆಲಸ ಬಿಡಿಸಿ ಮೂಲೆಗೆ ಕೂರಿಸುತ್ತಾಳೆ ಎಂಬ ಭಯವೇ? ಹೇಳಿದ್ದರೆ ನಿಮ್ಮನ್ನು ತಿಂದುಬಿಡುತ್ತಿದ್ದೆನೇ? ಹನ್ನೊಂದು ವರ್ಷದಲ್ಲಿ ನನ್ನನ್ನು ಅರ್ಥ ಮಾಡಿಕೊಂಡದ್ದು ಇಷ್ಟೇ ಏನು? ಮಗುವಿನ ಕೆನ್ನೆಗಿಂತ ಇದೇ ನನಗೆ ಹೆಚ್ಚು ಉರಿಯುತ್ತಿದೆ.

ನಿಮ್ಮ ಮೇಕೆ ಅರ್ಧ ಲೋಟ ಹಾಲು ಕೊಟ್ಟು ಒದೆಯುತ್ತದೆ. ಅದಕ್ಕೂ ನಿಮ್ಮದೇ ಹಟ.

ನಾದಿನಿಗೆ ನನ್ನ ನೆನಪು ತಿಳಿಸಿ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿಮ್ಮ ಸೊಸೆ

ತಾ.ಕ.: ಶೆಲ್ಫಿನಲ್ಲಿ ಮುಂದಿನ ಸಾಲು ಒಣಗಿದೆ. ನಾನೇ ನಾಲಿಗೆ ತಾಗಿಸಿ ನೋಡಿದೆ, ಚುರ್ ಎನ್ನಲಿಲ್ಲ. ಬುಧವಾರ ನಿಮ್ಮ ಮಗ ಕರೆಯಲು ಬರುತ್ತಾರೆ, ಚೀಲ ತುಂಬಿಡಿ. ಮೊದಲು ಡಾಕ್ಟರ ಹತ್ತಿರ ಹೋಗೋಣ. ಇನ್ನು ಮುಂದೆ ನಾಲಿಗೆ ನನ್ನದಿರಲಿ, "ಆಯ್ತು, ಕಟ್ಟು" ಎನ್ನಬೇಕಾದವರು ಮಾತ್ರ ನೀವೇ. ಅದು ಕೇಳಿಸಿಲ್ಲವೆಂದು ಒಂದು ಸೋಪನ್ನೂ ಕಟ್ಟದೆ ಕೂತಿದ್ದೇನೆ.