ಉಮ್ಮನ ಕಥೆಗೆ ನಿನ್ನ ಒಪ್ಪಿಗೆ

ದೋಹಾ ಅಲ್ ಜದೀದಾ
೯ ಅಕ್ಟೋಬರ್ ೨೦೨೨

ತಂಗಿ ಆಸ್ಯಮ್ಮನಿಗೆ ಅಣ್ಣ ಮೊಯ್ದಿನ್ ಕುಂಞಿಯ ಸಲಾಂ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಈ ಪ್ರಾಯದಲ್ಲಿ ಕಾಗದ ಬರೆಯಲು ಕೂರಿಸಿದ್ದಾರೆ. ಮೂರು ಹಾಳೆ ಹರಿದೆ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತೀ. ಅದಕ್ಕೇ ಊರಿಗೆ ಹೊರಟ ನನ್ನ ರೂಮಿನ ಹುಡುಗ ಫಾಯಿಝ್‌ನ ಕೈಯಲ್ಲಿ ಕೊಡುತ್ತಿದ್ದೇನೆ. "ಎಂತ ಕಾಕ, ಲವ್ ಲೆಟರಾ?" ಎನ್ನುತ್ತಾನೆ ಆ ತಲೆಹರಟೆ. ತಡವಾಯಿತು, ಬೈಯಬೇಡ. ನಿನ್ನ ಮಂಡಿನೋವಿಗೆ ಎಣ್ಣೆಯೂ ಉಂಟು.

ಬರೆಸುತ್ತಿರುವವಳು ಮಟಿಲ್ಡಾ ಮೇಡಂ, ನಾನು ಯಾರ ಕಾರು ಓಡಿಸುತ್ತೇನೋ ಆ ಅಮೆರಿಕದ ಹೆಂಗಸು. ಕಾದಂಬರಿ, ಸಣ್ಣಕಥೆ ಬರೆಯುವುದೇ ಅವಳ ಕೆಲಸ. ಎಂಟು ಪುಸ್ತಕ ಬಂದಿವೆ. ವಿಶ್ವಕಪ್ಪಿಗೆಂದು ರಸ್ತೆ ಅಗೆದು ಬಿನ್ ಒಮ್ರಾನಿನಲ್ಲಿ ಕಾರು ಅಲುಗುವುದಿಲ್ಲ. ಅವಳು ಹಿಂದೆ ಕೂತು ಪೆನ್ಸಿಲಿನಲ್ಲಿ ಗೀಚುತ್ತಾ ಏನಾದರೂ ಕೇಳುತ್ತಲೇ ಇರುತ್ತಾಳೆ. ಒಂದು ದಿನ, ಉಮ್ಮ ತೀರಿಕೊಂಡಾಗ ನಾನು ಬಾರದೆ ಹೋದದ್ದನ್ನು ಹೇಳಿಬಿಟ್ಟೆ. ಅದನ್ನೇ ಕಥೆ ಮಾಡಿದಳು. ನನಗೆ ಓದಿಯೂ ಹೇಳಿದಳು. ಹೆಸರು ಬೇರೆ, ಊರು ಬೇರೆ. ಆದರೆ ಬಾಗಿಲಿಗೆ ಮುಖ ಮಾಡಿ ಮಲಗಿದ್ದವಳು ನಮ್ಮ ಉಮ್ಮನೇ.

"ಅಚ್ಚು ಹಾಕಿಸಿ ಮೇಡಂ, ನಮ್ಮ ಕಡೆ ಇಂಗ್ಲಿಷ್ ಕಥೆ ಓದುವವರು ಯಾರುಂಟು?" ಎಂದೆ.

"ನಿನ್ನ ತಂಗಿಯ ಮಗಳು ಫರ್ಝಾನಾ ಇಂಗ್ಲಿಷ್ ಟೀಚರ್ ಅಲ್ಲವಾ? ಮೊದಲ ಕಾದಂಬರಿಯಲ್ಲಿ ನನ್ನ ತಮ್ಮನ ಕಥೆಯನ್ನು ಅವನನ್ನು ಕೇಳದೆ ಬರೆದೆ. ಮೂವತ್ತು ವರ್ಷವಾಯಿತು, ಅವನು ಮಾತು ಬಿಟ್ಟು. ತಂಗಿಯನ್ನು ಕೇಳು. ಬೇಡ ಎಂದರೆ ಹರಿಯುತ್ತೇನೆ."

"ಈಗಲೇ ಹರಿಯಿರಿ. ಖಲಾಸ್."

"ಆಯಿತು," ಎಂದು ಹಾಳೆ ಕೈಗೆತ್ತಿಕೊಂಡಳು. ನಾನೇ ತಡೆದೆ. ಯಾರೋ ಪರದೇಶಿ ಹೆಂಗಸಿಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲವಲ್ಲ ಎಂದು ಹದಿನೈದು ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಸಿಗ್ನಲ್ ಕೆಂಪಿದ್ದರೂ ಮುಂದೆ ಹೋಗಿ ದಂಡವನ್ನೂ ಕಟ್ಟಿದೆ.

ಅಲ್ಲಾಹನು ನಿನ್ನನ್ನೂ ಫರ್ಝಾನಾಳನ್ನೂ ಮಕ್ಕಳನ್ನೂ ಸುಖವಾಗಿಡಲಿ.

ನಿನ್ನ ಅಣ್ಣ,
ಮೊಯ್ದಿನ್ ಕುಂಞಿ

ಮತ್ತೆ: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಉಮ್ಮನ ಹತ್ತಿರ ಬರಲು ಆಗಿನ ಯಜಮಾನ ಪಾಸ್‌ಪೋರ್ಟ್ ಕೊಡಲಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು. ಇಪ್ಪತ್ತಾರು ವರ್ಷದಿಂದ ಹೋದವರ ಬಂದವರ ಮುಂದೆಲ್ಲ ನೀನು ಶಾಪ ಹಾಕುವ ಆ ಅರಬ, ಉಮ್ಮನಿಗೆ ಸೀರಿಯಸ್ ಎಂದು ಸುದ್ದಿ ಬಂದ ದಿನವೇ ಪಾಸ್‌ಪೋರ್ಟ್, ಟಿಕೆಟ್ ಎರಡನ್ನೂ ಕೈಗಿಟ್ಟು "ಯಲ್ಲಾ, ತಾಯಿಯ ಹತ್ತಿರ ಹೋಗು" ಎಂದಿದ್ದ. ಉಮ್ಮ ಸಾಯುವುದನ್ನು ನೋಡಲು ನನಗೆ ಹೆದರಿಕೆ. ಏರ್‌ಪೋರ್ಟ್ ಬಾಗಿಲಿನಿಂದ ವಾಪಸ್ ಬಂದೆ. ಆಮೇಲೂ ಅವಳು ಹನ್ನೊಂದು ದಿನ ಇದ್ದಳು.

ಕಥೆ ಅಚ್ಚಾಗಲೋ ಬೇಡವೋ, ನನ್ನೊಡನೆ ನಿನಗೆ ಮಾತು ಉಂಟೋ ಇಲ್ಲವೋ, ಎರಡನ್ನೂ ಬರೆದು ಫಾಯಿಝ್‌ನ ಕೈಯಲ್ಲಿ ಕೊಡು. ಅವನು ಇಪ್ಪತ್ತೆಂಟಕ್ಕೆ ವಾಪಸ್. ಅಂದೇ ನನಗೆ ಉತ್ತರ ಸಿಗಬೇಕು.