ನಾಲ್ಕನೇ ಮಾವನ ಮುಖ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೊಂಡ,

ಹೇಗಿದ್ದೀಯ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯ ತಾನೆ? ಕಣ್ಣಿಗೆ ನಿದ್ದೆ ಹತ್ತುತ್ತಿದೆಯೇ? ಬಲ ಭುಜದ ನೋವು ಕಡಿಮೆಯಾಯಿತೇ? ಬಿಸಿನೀರಿನ ಶಾಖ ಕೊಟ್ಟುಕೊ ಎಂದರೆ ‘ಆಯ್ತಮ್ಮಾ’ ಎಂದು ಹೇಳಿ ಮರೆತುಬಿಡುವ ಬುದ್ಧಿ ನಿನ್ನದು, ನನಗೆ ಗೊತ್ತಿಲ್ಲವೇ. ನಾನು ಚೆನ್ನಾಗಿದ್ದೇನೆ. ಕನ್ನಡಕದ ನಂಬರು ಇನ್ನೂ ಒಂದು ಮೆಟ್ಟಿಲು ಏರಿದೆ, ಮಂಡಿ ಮಾತ್ರ ಮೆಟ್ಟಿಲು ಏರಲೊಲ್ಲೆ ಎನ್ನುತ್ತಿದೆ. ಎದುರು ಮನೆಯ ಬಡಗಿ ನಮ್ಮ ಅಡುಗೆಮನೆಯ ಬಾಗಿಲನ್ನು ಕೊನೆಗೂ ರಿಪೇರಿ ಮಾಡಿಕೊಟ್ಟ. ಈಗ ಅದು ಮುಚ್ಚುತ್ತದೆ, ಆದರೆ ತೆಗೆಯಲು ಇಬ್ಬರು ಬೇಕು.

ನಿನ್ನ ಹಳೆಯ ಟ್ರಂಕು ತೆಗೆದಿದ್ದೆ. ಶಾಲೆಯ ಖಾಕಿ ಪ್ಯಾಂಟು ಸಿಕ್ಕಿತು, ಎರಡು ಕಾಲಿನ ಅಂಚೂ ಬಿಚ್ಚಿಕೊಂಡಿದ್ದದ್ದು. ನೆನಪಿದೆಯೇ? ಶಾಲೆಯ ಕೊನೆಯ ವರ್ಷ, ಪರೀಕ್ಷೆಗೆ ಹೊರಡುವ ಹೊತ್ತಿನಲ್ಲಿ ನೀನು ಅದನ್ನು ಕೈಯಲ್ಲಿ ಹಿಡಿದು ಮನೆ ತಲೆಯ ಮೇಲೆ ಹೊತ್ತಿದ್ದೆ. ‘ಇಲಿ ಕಡಿದಿರಬೇಕು’ ಎಂದೆ ನಾನು. ನೀನು ಬಡಗಿಯಿಂದ ಬೋನು ತಂದು ಒಂದು ವಾರ ಇಟ್ಟೆ. ಸಿಕ್ಕಿಬಿದ್ದದ್ದು ನನ್ನ ಕಾಲಿನ ಹೆಬ್ಬೆರಳು ಮಾತ್ರ.

ಸಾಕು. ನಿನ್ನ ಕಾಗದ ಬಂದು ಇಪ್ಪತ್ತನಾಲ್ಕು ದಿನವಾಯಿತು. ಇಷ್ಟು ದಿನ ಉತ್ತರ ಬರೆಯದಿರಲು ಅಂಚೆಯೂ ಕಾರಣವಲ್ಲ, ಮಂಡಿಯೂ ಅಲ್ಲ. ದಿನಾ ಪೆನ್ನು ಹಿಡಿದು ಕೂರುತ್ತಿದ್ದೆ, ‘ಹೇಗಿದ್ದೀಯ’ ಎಂದು ಬರೆಯುತ್ತಿದ್ದೆ, ಒಲೆಯ ಮೇಲಿಟ್ಟ ಪಾತ್ರೆ ನೋಡಿಬರಲು ಎದ್ದು ಹೋಗುತ್ತಿದ್ದೆ. ಒಲೆಯ ಮೇಲೆ ಪಾತ್ರೆಯೇ ಇರುತ್ತಿರಲಿಲ್ಲ. ನೀನು ಬರೆದದ್ದು ನಾಲ್ಕೇ ಸಾಲು, ನನಗೆ ಬಾಯಿಪಾಠವಾಗಿ ಹೋಗಿದೆ. ‘ಅಮ್ಮಾ, ಆವತ್ತು ಸೇತುವೆ ಹತ್ರ ಗುಂಪು ಚದುರಿಸೋವಾಗ ನಾನು ಆ ಬಸ್ ಕಂಡಕ್ಟರ ಮೊಣಕಾಲಿಗೇ ಗುರಿ ಇಟ್ಟಿದ್ದೆ. ಗುಂಡು ಕಣ್ಣಿಗೆ ಹೋಯ್ತು. ರಬ್ಬರ್ ಗುಂಡು ಕಾಲಿಗೆ ಗುರಿ ಇಟ್ರೆ ಸೊಂಟದ ಮೇಲೆ ಹೋಗೋದೇ ಇಲ್ಲ ಅಂತ ಪರೀಕ್ಷೆ ಮಾಡಿ ಬರೆದಿಟ್ಟಿದಾರಂತೆ. ನನ್ನ ಕೈಯೇ ಸುಳ್ಳು ಹೇಳಿರ್ಬೇಕು.’ ಇದನ್ನು ಓದಿದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅಂಚೆಯವನು ಸೈಕಲ್ ಹತ್ತಿ ಹೋಗುವವರೆಗೂ ಮುಖ ನೆಟ್ಟಗೆ ಇಟ್ಟುಕೊಂಡಿದ್ದೆ, ಅಷ್ಟೇ.

ಮಗನೇ, ಹಾಗೆ ಪರೀಕ್ಷೆ ಮಾಡಿ ಬರೆದಿಟ್ಟದ್ದು ಇಲ್ಲಿ. ಬರೆಯುವಾಗ ನಾನು ಅದೇ ಕೋಣೆಯಲ್ಲಿದ್ದೆ.

ನಾನು ತರಬೇತಿ ಮೈದಾನದಲ್ಲಿ ಏನು ಕೆಲಸ ಮಾಡುತ್ತೇನೆಂದು ನೀನು ಯಾವತ್ತೂ ಬಿಡಿಸಿ ಕೇಳಿದವನಲ್ಲ. ಅಮ್ಮ ಸೈನ್ಯಕ್ಕೆ ಬಟ್ಟೆ ಹೊಲಿಯುತ್ತಾಳೆ ಎಂದು ಗೆಳೆಯರ ಹತ್ತಿರ ಹೇಳಿಕೊಳ್ಳುತ್ತಿದ್ದೆ, ನಾನೂ ಅಲ್ಲವೆನ್ನಲಿಲ್ಲ. ನಾನು ಬೊಂಬೆಗಳನ್ನು ರಿಪೇರಿ ಮಾಡುವವಳು. ಆಳೆತ್ತರದ ಹನ್ನೆರಡು ಬೊಂಬೆಗಳಿವೆ, ಒಳಗೆ ಮರದ ಹೊಟ್ಟು, ಹೊರಗೆ ದಪ್ಪ ಖಾಕಿ ಬಟ್ಟೆ, ಸೊಂಟಕ್ಕೊಂದು ಕೆಂಪು ಪಟ್ಟಿ. ಕಲಿಯಲು ಬರುವ ಹುಡುಗರು ಅವುಗಳಿಗೆ ಮಾವ ಎಂದು ಹೆಸರಿಟ್ಟಿದ್ದಾರೆ: ಒಂದನೇ ಮಾವ, ಎರಡನೇ ಮಾವ. ಹೊಡೆಸಿಕೊಂಡರೂ ತುಟಿ ಬಿಚ್ಚದ ಮಾವಂದಿರು ಇನ್ನೆಲ್ಲಿ ಸಿಗುತ್ತಾರೆ ಎಂದು ನಗುತ್ತಾರೆ. ನಲವತ್ತು ಹೆಜ್ಜೆ ದೂರದಿಂದ ರಬ್ಬರ್ ಗುಂಡನ್ನು ಕೆಂಪು ಪಟ್ಟಿಯ ಕೆಳಗೆ ಹೊಡೆಯಬೇಕು. ಶನಿವಾರ ಎಲ್ಲ ಮಾವಂದಿರೂ ತಳ್ಳುಗಾಡಿಯಲ್ಲಿ ಮಲಗಿಕೊಂಡು ನನ್ನ ಕೋಣೆಗೆ ಬರುತ್ತಾರೆ. ಹರಿದ ಪ್ಯಾಂಟುಗಳನ್ನು ಬಿಚ್ಚಿ ಎಣಿಸಲು ಒಂದು ಮೂಲೆಯಲ್ಲಿ ಪೇರಿಸಿ, ಹೊಸದನ್ನು ತೊಡಿಸುತ್ತೇವೆ. ಪಟ್ಟಿಯ ಮೇಲೆ ಹರಿದದ್ದನ್ನು ಮಾತ್ರ ನಾನು ಕೂತು ಸರಿಮಾಡಬೇಕು.

ಉಗ್ರಾಣದ ಯಜಮಾನರು ಮೊದಲ ದಿನವೇ ಹೇಳಿದ್ದರು, ಸುಮ್ಮನೆ ಒಂದು ತೇಪೆ ಹಾಕಿ ಸಾಕು ಎಂದು. ಅಷ್ಟು ಹೇಳಿದ್ದು ನಿಜ, ಅವರ ಮೇಲೆ ನಾನು ಗೂಬೆ ಕೂರಿಸಲಾರೆ. ಆದರೆ ನಿಮ್ಮಪ್ಪನ ಕೈಕೆಳಗೆ ಸೂಜಿ ಹಿಡಿದವಳು ತೇಪೆ ಹಾಕುವುದುಂಟೇ? ಸಿಗರೇಟು ಸುಟ್ಟ ಕೋಟನ್ನು ಕೊಟ್ಟವರೇ ತೂತು ಎಲ್ಲಿತ್ತೆಂದು ಹುಡುಕುವ ಹಾಗೆ ರಫು ಮಾಡುತ್ತಿದ್ದ ಮನುಷ್ಯ ಅವರು. ಅದೇ ಬಟ್ಟೆಯ ಒಳ ಅಂಚಿನಿಂದ ಎಳೆ ಬಿಡಿಸಿ, ನೇಯ್ಗೆಯ ಮೇಲೊಂದು ಕೆಳಗೊಂದು ಕೂರಿಸಿ, ಉಗುರಿನಿಂದ ಉಜ್ಜಿದರೆ ಮುಗಿಯಿತು. ‘ರಫು ಕಂಡ್ರೆ ಅದು ರಫು ಅಲ್ಲ’ ಎನ್ನುತ್ತಿದ್ದರು. ನಾನು ಬೊಂಬೆಗಳಿಗೂ ಹಾಗೆಯೇ ಮಾಡಿದೆ. ಯಾರೂ ಕೇಳಿರಲಿಲ್ಲ. ‘ಅಮ್ಮಾ, ಇದು ಬೊಂಬೆ, ಮದುಮಗನ ಕೋಟಲ್ಲ’ ಎಂದು ಯಜಮಾನರು ಗೇಲಿ ಮಾಡಿದರೆ ನನಗೆ ಇನ್ನಷ್ಟು ಹುರುಪು. ಈ ಹಾಳು ಹುರುಪಿಗೆ ಇಷ್ಟು ಬೆಲೆ ಇದೆಯೆಂದು ಯಾರಿಗೆ ಗೊತ್ತಿತ್ತು.

ನಾನು ಕೆಲಸಕ್ಕೆ ಸೇರಿದಾಗ ಈ ಸಾಯಿಸದ ಆಯುಧಗಳೆಲ್ಲ ಒಂದು ಕಪಾಟಿನಲ್ಲಿದ್ದವು, ಬೀಗ ಕೂಡ ಹಾಕುತ್ತಿರಲಿಲ್ಲ. ಈಗ ಎರಡು ಗೋದಾಮು ತುಂಬಿ ಮೂರನೆಯದಕ್ಕೆ ತಗಡು ಹೊದಿಸುತ್ತಿದ್ದಾರೆ. ಬರೀ ರಬ್ಬರ್ ಗುಂಡಲ್ಲ. ಕಣ್ಣಿಗೆ ಕತ್ತಲೆ ಕಟ್ಟಿಸುವ ದೀಪವಂತೆ, ಕಿವಿ ಮುಚ್ಚಿಕೊಂಡು ಕುಕ್ಕರಿಸುವಂತೆ ಮಾಡುವ ಭೋಂಗಂತೆ, ಮುಟ್ಟದೆಯೇ ಮೈ ಚುರುಗುಟ್ಟಿಸುವ ಯಂತ್ರವಂತೆ. ಗಡಿಯ ಠಾಣೆಗಳಿಗೂ ಹೋಗುತ್ತವೆ, ಬೇರೆ ದೇಶದಲ್ಲಿ ಶಾಂತಿ ಕಾಯಲು ಹೊರಡುವ ಹಡಗಿಗೂ ಹತ್ತುತ್ತವೆ. ‘ಇನ್ಮೇಲೆ ಯುದ್ಧದಲ್ಲೂ ಯಾರೂ ಸಾಯೋ ಹಾಗಿಲ್ಲಮ್ಮಾ’ ಎಂದು ಯಜಮಾನರು ಹೇಳಿದಾಗ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೆ. ಮಗ ಸೈನ್ಯದಲ್ಲಿದ್ದಾನೆ ಎಂದ ಮೇಲೆ ತಾಯಿಗೆ ಬೇರೇನು ಬೇಕು ಹೇಳು.

ಹೀಗಿರುವಾಗ, ಎರಡು ವರ್ಷದ ಹಿಂದೆ, ದೊಡ್ಡ ಅಧಿಕಾರಿಗಳು ಪರೀಕ್ಷೆಗೆ ಬಂದರು. ಇನ್ನೂ ಹೆಚ್ಚು ತುಕಡಿಗಳಿಗೆ ಈ ರಬ್ಬರ್ ಗುಂಡಿನ ಬಂದೂಕು ಕೊಡಬಹುದೋ ಬೇಡವೋ ಎಂದು ಅವರು ನಿರ್ಧಾರ ಮಾಡಬೇಕಿತ್ತು. ಒಂದು ಕಡೆ ಹರಿದು ಚಿಂದಿಯಾದ ಪ್ಯಾಂಟುಗಳ ರಾಶಿ, ಇನ್ನೊಂದು ಕಡೆ ಸಾಲಾಗಿ ನಿಂತ ಮಾವಂದಿರು, ಎದೆ ಮುಖವೆಲ್ಲ ಆಗ ತಾನೇ ಅಂಗಡಿಯಿಂದ ತಂದ ಹಾಗೆ. ಅವರಲ್ಲೊಬ್ಬರು ಬೊಂಬೆಯ ಎದೆಯ ಮೇಲೆ ಅಂಗೈ ಆಡಿಸಿ ನೋಡಿದರು, ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು. ಏನೂ ಸಿಗಲಿಲ್ಲ. ‘ಸೊಂಟದ ಮೇಲೆ ಒಂದೂ ಗಾಯ ಇಲ್ಲ, ಬರ್ಕೊಳ್ಳಿ’ ಎಂದರು. ನಾನು ಕತ್ತರಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದೆ. ಆಗ ನನಗೆ ಏನನ್ನಿಸಿತು ಗೊತ್ತೇ? ಇಷ್ಟು ದೊಡ್ಡವರ ಕಣ್ಣಿಗೂ ನನ್ನ ಹೊಲಿಗೆ ಬೀಳಲಿಲ್ಲವಲ್ಲ ಎಂದು ಹಿಗ್ಗಿದೆ. ಬಾಯಿ ಬಿಡಬೇಕು ಎಂದು ಹೊಳೆದದ್ದು ಅವರ ಕಾರು ಗೇಟು ದಾಟಿದ ಮೇಲೆ. ಆಮೇಲೆ ಬಾಯಿ ಬಿಟ್ಟರೆ ಇಷ್ಟು ದಿನ ಯಾಕೆ ಬಿಡಲಿಲ್ಲ ಎಂದು ಕೇಳುತ್ತಾರೆ, ಕೆಲಸ ಹೋಗುತ್ತದೆ ಎಂದು ಸುಮ್ಮನಾದೆ. ಅವರು ಬರೆದುಕೊಂಡ ಆ ಸಾಲನ್ನೇ ಈಗ ನಿನ್ನ ಮುಂದೆ ಹಿಡಿದಿದ್ದಾರೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಜನರ ಗುಂಪು ಚದುರಿಸುವ ತುಕಡಿಗೆ ಹೆಸರು ಕೊಡಲೋ ಬೇಡವೋ ಎಂದು ನೀನು ಕೇಳಿದ್ದೆ. ಲಾರಿ ರಿಪೇರಿ ಶೆಡ್ಡಿನಲ್ಲೇ ಚೆನ್ನಾಗಿದೆ, ಕೈಗೆ ಗ್ರೀಸು ಮೆತ್ತಿದರೆ ತೊಳೆದರೆ ಹೋಗುತ್ತದೆ ಎಂದಿದ್ದೆ. ನಾನೇ ನಿನ್ನ ಬೆನ್ನು ಹತ್ತಿದೆ. ‘ಅದ್ರಿಂದ ಯಾರೂ ಸಾಯಲ್ಲ ಕಣೋ, ದಿನಾ ನೋಡೋಳು ನಾನು, ಬರೀ ಕಾಲಿಗೇ ಬೀಳೋದು’ ಎಂದೆ. ಆ ತುಕಡಿಗೆ ಸೇರಿದರೆ ನಿನ್ನ ಕೈಗೆ ನಿಜವಾದ ಗುಂಡು ಬರುವುದಿಲ್ಲ, ನಿನ್ನಿಂದ ಯಾರ ಪ್ರಾಣವೂ ಹೋಗುವುದಿಲ್ಲ ಎಂಬುದೊಂದೇ ಆಸೆ. ಕಾಲಿಗೇ ಬೀಳುವುದು ಎಂದು ಹೇಳಿದ ಆ ವಾರ ಕೂಡ ನಾನು ಮೂರು ಮಾವಂದಿರ ಎದೆ ಹೊಲಿದಿದ್ದೆ. ಎದೆಗೆ ಬಿದ್ದರೆ ಏನಾದೀತು, ಹೆಚ್ಚೆಂದರೆ ಬಾವು ಬಂದೀತು ಎಂದುಕೊಂಡಿದ್ದೆ. ಮುಖಕ್ಕೆ ಬೀಳುವುದು ಶುರುವಾದದ್ದು ನೀನು ತುಕಡಿ ಸೇರಿದ ಮೇಲೆ, ಇತ್ತೀಚೆಗೆ. ಆ ಗುಂಡು ನೆಲಕ್ಕೆ ಬಡಿದು ಮೇಲಕ್ಕೆ ಪುಟಿಯುತ್ತದೆ, ಗಾಳಿಯಲ್ಲಿ ಓಲಾಡುತ್ತದೆ, ಎಲ್ಲಿಗೆ ಹೋಗಬೇಕೆಂದು ಅದಕ್ಕೇ ಗೊತ್ತಿರುವುದಿಲ್ಲ. ನಿನ್ನ ಕೈ ಸುಳ್ಳು ಹೇಳಿಲ್ಲ ಮಗೂ. ಸುಳ್ಳು ಹೇಳಿದ್ದು ನನ್ನ ಕೈ.

ಬೈಯಬೇಡ, ನಾನು ಅವರನ್ನು ನೋಡಿಕೊಂಡು ಬಂದೆ. ಆ ಬಸ್ ಕಂಡಕ್ಟರನ್ನು. ಇಲ್ಲಿಂದ ಎರಡು ಬಸ್ಸು ಬದಲಿಸಿ, ಕಣ್ಣಿನ ಆಸ್ಪತ್ರೆಗೆ. ಯಾರೆಂದು ಕೇಳಿದಾಗ ಆವತ್ತು ಅಲ್ಲಿದ್ದ ಒಬ್ಬ ಹುಡುಗನ ತಾಯಿ ಎಂದೆ, ಅದು ಸುಳ್ಳಲ್ಲ. ಗುಂಪಿನಲ್ಲಿದ್ದ ಹುಡುಗ ಎಂದುಕೊಂಡು ‘ಅವನಿಗೇನೂ ಆಗ್ಲಿಲ್ಲ ತಾನೆ’ ಎಂದು ವಿಚಾರಿಸಿದರು. ಕೆಲಸ ಮುಗಿಸಿ ಮನೆಗೆ ಹೊರಟಿದ್ದರಂತೆ, ಸೇತುವೆಯ ಹತ್ತಿರ ದಾರಿ ಮುಚ್ಚಿತ್ತಂತೆ. ಎಲ್ಲರೂ ಓಡಿದರೂ ಅವರು ನಿಂತೇ ಇದ್ದರಂತೆ. ‘ರಬ್ಬರ್ ಅಂತ ಮೈಕಲ್ಲಿ ಹೇಳಿದ್ರು, ಅದಕ್ಕೇ ಓಡ್ಲಿಲ್ಲಮ್ಮಾ’ ಎಂದರು. ನನಗೆ ಟೀ ಬಗ್ಗಿಸಿಕೊಡಲು ಹೋದರು, ಒಂದೇ ಕಣ್ಣಿಗೆ ಅಂದಾಜು ಸಿಗದೆ ಎಲ್ಲವೂ ಲೋಟದ ಪಕ್ಕಕ್ಕೆ ಬಿತ್ತು. ‘ಚಿಲ್ಲರೆ ಕೊಡೋದು ಕಲೀಬೇಕು ಇನ್ನೊಂದ್ಸಲ’ ಎಂದು ತಾವೇ ನಕ್ಕರು. ನಾನು ಸೆರಗಿನಿಂದ ಮೇಜು ಒರೆಸಿ ಬಂದುಬಿಟ್ಟೆ. ಬಸ್ಸಿನಲ್ಲಿ ಟಿಕೆಟ್ ಕೊಡಲು ಬಂದವನ ಮುಖ ನೋಡಲಾಗಲಿಲ್ಲ.

ನಿನ್ನೆ ಶನಿವಾರ. ಉಗ್ರಾಣದ ಯಜಮಾನರಿಗೆ ಎಲ್ಲ ಹೇಳಿ, ಒಂದು ಬೊಂಬೆ ಬೇಕು ಎಂದು ಕೇಳಿದೆ. ಬೀಗದ ಕೈಗಳ ಗೊಂಚಲನ್ನು ಬೆರಳಲ್ಲಿ ತಿರುಗಿಸಿದರು. ‘ನಾಲ್ಕನೇದು ಹಳೇದು, ಬಿಸಾಕೋಕೆ ಇಟ್ಟಿರೋದು’ ಎಂದು ಹೇಳಿ ಆ ಕಡೆ ತಿರುಗಿಕೊಂಡರು. ನಾನು ಸಣ್ಣ ಕತ್ತರಿ ತೆಗೆದುಕೊಂಡು ನನ್ನ ಹೊಲಿಗೆಯನ್ನೆಲ್ಲ ಒಂದೊಂದಾಗಿ ಬಿಚ್ಚುತ್ತ ಕೂತೆ. ಎದೆಯಲ್ಲಿ ಎಷ್ಟೆಂದು ಎಣಿಸಲು ಹೋಗಲಿಲ್ಲ. ಮುಖದಲ್ಲಿ ಹದಿನೇಳು. ಗಲ್ಲ, ತುಟಿ, ಹಣೆ, ಎರಡೂ ಕಣ್ಣು. ಎಳೆ ಎಳೆದ ಹಾಗೆಲ್ಲ ಒಳಗಿನ ಹೊಟ್ಟು ನನ್ನ ಮಡಿಲಿಗೆ ಸುರಿಯುತ್ತಿತ್ತು. ಇಷ್ಟು ಚೆನ್ನಾಗಿ ಹೊಲಿದವಳು ಯಾರಪ್ಪಾ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು, ಬಿಚ್ಚಲು ಅಷ್ಟು ಕಷ್ಟ.

ಹದಿನೇಳಕ್ಕೆ, ಬುಧವಾರ, ನಿನ್ನ ವಿಚಾರಣೆ ಎಂದು ಕಾಗದದ ಮೂಲೆಯಲ್ಲಿ ಗೀಚಿದ್ದೀಯ. ನಾನು ಮಂಗಳವಾರದ ಬಸ್ಸಿಗೆ ಹೊರಡುತ್ತೇನೆ. ನಾಲ್ಕನೇ ಮಾವನಿಗೂ ಒಂದು ಸೀಟು ಹಿಡಿದಿದ್ದೇನೆ, ಕಂಬಳಿ ಹೊದಿಸಿ ಕರೆತರುತ್ತೇನೆ. ಅಧಿಕಾರಿಗಳು ಒಳಗೆ ಬಿಡದಿದ್ದರೆ ಗೇಟಿನ ಮುಂದೆ ಅವನನ್ನು ನಿಲ್ಲಿಸಿಕೊಂಡು ನಾನೂ ನಿಲ್ಲುತ್ತೇನೆ. ಕೆಲಸ ಹೋದರೆ ಹೋಗಲಿ. ನೀನು ಮಾತ್ರ ತಪ್ಪು ಗುರಿ ಇಟ್ಟೆ ಎಂದು ಎಲ್ಲೂ ಸಹಿ ಹಾಕಬೇಡ. ಆ ಕಂಡಕ್ಟರ ಹತ್ತಿರ ಮಾತ್ರ ಒಂದು ದಿನ ಹೋಗು. ಕಣ್ಣು ಹೋದದ್ದು ಹೋಯಿತು, ನಿನ್ನ ಕೈಯಿಂದಲೇ ಹೋಯಿತು, ಅದನ್ನು ನಾನು ರಫು ಮಾಡಿ ಮುಚ್ಚಲಾರೆ.

ಭುಜಕ್ಕೆ ಶಾಖ ಕೊಡುವುದನ್ನು ಮರೆಯಬೇಡ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು.

ಇತಿ,
ನಿನ್ನ ಅಮ್ಮ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿದವಳು ಸೋಮವಾರ ಬೆಳಿಗ್ಗೆ ಮತ್ತೆ ಹರಿದು ಬರೆಯುತ್ತಿದ್ದೇನೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಮುಖಕ್ಕೆ ಬೀಳುವುದು ಇತ್ತೀಚೆಗೆ ಶುರುವಾಯಿತು ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ವಿಚಾರಣೆಯಲ್ಲೂ ಹಾಗೆಯೇ ಹೇಳೋಣ ಎಂದುಕೊಂಡಿದ್ದೆ. ಮಾವನ ಎಡಗಣ್ಣಿನ ಹೊಲಿಗೆಯನ್ನು ಕೊನೆಗೆ ಬಿಚ್ಚಿದಾಗ ಬಂದ ಎಳೆ ಬೊಂಬೆಯ ಬಟ್ಟೆಯದಲ್ಲ. ನಾನು ಸೇರಿದ ಮೊದಲ ವಾರ ಅಲ್ಲಿ ಬಿಡಿ ಬಟ್ಟೆ ಇರಲಿಲ್ಲ, ಅದೇ ಬಣ್ಣದ ಎಳೆ ಬೇಕಿತ್ತು, ಮನೆಯಲ್ಲಿ ಖಾಕಿ ಅಂತ ಇದ್ದದ್ದು ಒಂದೇ, ನಿನ್ನ ಶಾಲೆಯ ಪ್ಯಾಂಟು. ನೀನು ಆ ತುಕಡಿ ಸೇರುವ ಐದು ವರ್ಷ ಮೊದಲೇ ನನಗೆ ಗೊತ್ತಿತ್ತು, ಗೊತ್ತಿದ್ದೂ ಹೋಗು ಎಂದೆ. ಅಲ್ಲಿ ನಿಂತಾಗ ನನ್ನ ಬಾಯಿ ತಪ್ಪಿದರೆ ನೀನೇ ಅವರಿಗೆ ವರ್ಷ ಹೇಳು. ನಮ್ಮ ಮನೆಯಲ್ಲಿ ಇಲಿ ಇರಲಿಲ್ಲ ಮಗನೇ.